ಗಂಟು ಕೊಯ್ದರೆ ಮುಗಿಯಲಿಲ್ಲ



"ಗಂಟು ತಗದಾರಲ್ರೀ ಫಾದರ್, ಇನ್ನ ಪರೀಕ್ಷಾ ಯಾಕ?" ಎಂದು ಹೋದ ತಿಂಗಳು ಕಾಗಲದ ಕಡೆಯ ರೈತ ಸೋದರನೊಬ್ಬ ನಮ್ಮನ್ನು ಕೇಳಿದ. ಹೆಂಡತಿಯ ಎದೆಯ ಗಂಟನ್ನು ಕೊಯ್ದು ತೆಗೆಸಿದ್ದ. ಕಬ್ಬಿಗೆ ಗೊಬ್ಬರ ಹಾಕುವ ಮುನ್ನ ಮಣ್ಣು ಪರೀಕ್ಷೆ ಮಾಡಿಸುವ ಮನುಷ್ಯ ಇವನು. ಮನೆಯಾಕೆಯ ವಿಷಯಕ್ಕೆ ಬಂದಾಗ ಮಾತ್ರ "ಹಣೇಬರಾ" ಎಂದುಬಿಟ್ಟ. ಈ ಮಾತನ್ನು ನಾವು ಒಪ್ಪಲಾರೆವು.

ಸ್ತನದ ಕ್ಯಾನ್ಸರ್ ಒಂದೇ ರೋಗವಲ್ಲ. ಗಂಟಿನ ಜೀವಕೋಶಗಳಲ್ಲಿರುವ ಪ್ರೋಟೀನುಗಳು ಅದರ ಜಾತಿಯನ್ನು ಹೇಳುತ್ತವೆ. ಐ.ಎಚ್.ಸಿ. ಎಂಬ ಪರೀಕ್ಷೆಯಲ್ಲಿ ಮುಖ್ಯವಾಗಿ ಮೂರನ್ನು ನೋಡುತ್ತಾರೆ: ಇ.ಆರ್., ಪಿ.ಆರ್., ಹರ್-2. ಇ.ಆರ್. ಇದ್ದರೆ ಆ ಗಂಟು ಹೆಣ್ಣಿನ ಹಾರ್ಮೋನಿನ ಬಲದಿಂದ ಬೆಳೆಯುವಂಥದು. ಟೆಮಾಕ್ಸಿಫೆನ್ ಎಂಬ ಅಗ್ಗದ ಮಾತ್ರೆ ಆ ಬಲವನ್ನು ತಡೆಯುತ್ತದೆ; 5 ವರ್ಷ ಬಿಡದೆ ನುಂಗಿದವರಲ್ಲಿ ಈ ರೋಗದ ಸಾವು ಸುಮಾರು ಮೂರನೇ ಒಂದರಷ್ಟು ಕಡಿಮೆಯಾಗುತ್ತದೆ. ಆದರೆ ಈ ಜಾತಿಯ ಗಂಟು 10-15 ವರ್ಷಗಳ ನಂತರವೂ ಮರಳಬಹುದು. "ಆರಾಮ ಅದೀನಿ" ಎಂದು ನಡುವೆ ಮಾತ್ರೆ ಬಿಡುವ ತಾಯಂದಿರಿಗೆ ಈ ಮಾತು. ಮೂರೂ ಇಲ್ಲದ ಗಂಟಿಗೆ ಈ ಮಾತ್ರೆ ನಾಟುವುದಿಲ್ಲ. ಅದು ಮರಳುವುದಾದರೆ ಹೆಚ್ಚಾಗಿ ಮೊದಲ ಕೆಲವು ವರ್ಷಗಳಲ್ಲೇ. ಅಲ್ಲಿ ಕೀಮೋ ಚಿಕಿತ್ಸೆಗೆ ತಡಮಾಡಬಾರದು.

ಹರ್-2 ಹೆಚ್ಚಿದ್ದವರು ಬದುಕುವ ಕಾಲ ಕಡಿಮೆ ಎಂದು ಅಮೆರಿಕದ ಡಾ. ಡೆನಿಸ್ ಸ್ಲಾಮನ್ ಮತ್ತು ಸಂಗಡಿಗರು 1987ರಲ್ಲಿ ತೋರಿಸಿದರು. ಅದೇ ಪ್ರೋಟೀನಿಗೆ ಗುರಿಯಿಡುವ ಟ್ರಾಸ್ಟುಜುಮ್ಯಾಬ್ ಔಷಧಿಗೆ 1998ರಲ್ಲಿ ಅಲ್ಲಿ ಮಂಜೂರಾತಿ ದೊರೆಯಿತು. 2014ರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ಕಂಪನಿ ಅದಕ್ಕೆ ಸಮನಾದ ಔಷಧಿಯನ್ನು ಕಡಿಮೆ ಬೆಲೆಗೆ ಮಾರುಕಟ್ಟೆಗೆ ತಂದಿತು. ಕಡಿಮೆಯೆಂದರೂ ರೈತನ ಜೇಬಿಗೆ ಭಾರವೇ, ಅದು ಬೇರೆ ಮಾತು. ಅಂತೂ ಹಣೆಬರಹ ಎನಿಸಿದ್ದಕ್ಕೆ ಹನ್ನೊಂದೇ ವರ್ಷಗಳಲ್ಲಿ ಮದ್ದು ಬಂತು.

ಆದರೆ ಪರೀಕ್ಷೆಗೆ ಗಂಟು ಸರಿಯಾಗಿ ಉಳಿದಿರಬೇಕಲ್ಲ! ಈ ಸೋದರಿಯ ಗಂಟನ್ನು ಸಲಾಯಿನ್ ನೀರಿನ ಬಾಟಲಿಗೆ ಹಾಕಿ ಎರಡು ದಿನ ಇಟ್ಟಿದ್ದರಂತೆ, ಅದು ಕೆಟ್ಟುಹೋಯಿತು. ತೆಗೆದ ಒಂದು ಗಂಟೆಯೊಳಗೆ ಅದು ಫಾರ್ಮಾಲಿನ್‌ನಲ್ಲಿರಬೇಕು. ಗಂಟನ್ನು ಯಾವುದರಲ್ಲಿ ಇಡುತ್ತೀರಿ, ಯಾವ ಲ್ಯಾಬಿಗೆ ಕಳಿಸುತ್ತೀರಿ ಎಂದು ಶಸ್ತ್ರಚಿಕಿತ್ಸೆಗೆ ಮೊದಲೇ ಡಾಕ್ಟರನ್ನು ಕೇಳಿರಿ, ನಾಚಬೇಡಿರಿ. ಲ್ಯಾಬಿನವರು ಮೇಣದಲ್ಲಿ ಕೂರಿಸಿದ ಬ್ಲಾಕನ್ನೂ ವರದಿಯನ್ನೂ ಪಡೆದು ಜೋಪಾನ ಮಾಡಿರಿ. ಮುಂದೆ ಮುಂಬಯಿಯ ಟಾಟಾ ಆಸ್ಪತ್ರೆಗೆ ಹೋದರೂ ಬೆಂಗಳೂರಿನ ಕಿದ್ವಾಯಿಗೆ ಹೋದರೂ ಮೊದಲು ಕೇಳುವುದು ಅವನ್ನೇ.

ಆ ಸೋದರಿಯ ಕಂಕುಳಲ್ಲಿ ಇನ್ನೊಂದು ಸಣ್ಣ ಗಂಟು ಸಿಕ್ಕಿದೆ. ಅದರ ತುಣುಕನ್ನು ಈ ಸಲ ಫಾರ್ಮಾಲಿನ್‌ನಲ್ಲೇ ಕಳಿಸಿದ್ದಾರೆ. ವರದಿ ಇನ್ನೂ ಬಂದಿಲ್ಲ.