ಎಷ್ಟು ದಿನ ಕಂಡವರ ಹಾಡು ಹಾಡುತ್ತೀರಿ?

ಕನ್ನಡದ ಯುವ ಗೆಳೆಯರೇ,

ಸಂಜೆ ಹೊತ್ತು ನಮ್ಮ ಕೋಗಿಲು ಬಡಾವಣೆಯಲ್ಲಿ ಒಂದು ಸುತ್ತು ಹಾಕಿ ನೋಡಿ. ಯಾವುದಾದರೊಂದು ಮಹಡಿಯ ಮೇಲೆ ಗಿಟಾರ್ ಹಿಡಿದ ಹುಡುಗನೋ ಹುಡುಗಿಯೋ ನೀರಿನ ಟ್ಯಾಂಕಿಗೆ ಮೊಬೈಲು ಒರಗಿಸಿ ನಿಲ್ಲಿಸಿಕೊಂಡು ಹಾಡುತ್ತಿರುವುದು ಕಿವಿಗೆ ಬಿದ್ದೇ ಬೀಳುತ್ತದೆ. ಹೊಸದಾಗಿ ಬಂದವರು ನಮ್ಮೂರಿನ ಬೋರ್ಡನ್ನು ‘ಕೋಗಿಲೆ’ ಎಂದೇ ಓದುತ್ತಾರೆ. ಓದಲಿ ಬಿಡಿ, ಸಂತೋಷ. ಆದರೆ ಕೋಗಿಲೆ ಮರಿ ಬೆಳೆಯುವುದು ಕಾಗೆಯ ಗೂಡಿನಲ್ಲಿ. ದನಿ ಬಂದ ದಿನ ಕೂಗುವುದು ಮಾತ್ರ ತನ್ನದೇ ಕೂಗನ್ನು. ನಮ್ಮ ಮಹಡಿಯ ಕೋಗಿಲೆಗಳು ಏನು ಕೂಗುತ್ತಿವೆ? ಹಿಂದಿ. ಅದು ಬಿಟ್ಟರೆ ಇಂಗ್ಲಿಷ್. ಎಲ್ಲೋ ಒಮ್ಮೊಮ್ಮೆ, ನವೆಂಬರ್ ತಿಂಗಳು ಬಂತೆಂದರೆ, ಒಂದು ಕನ್ನಡ.

‘ಯಾಕಪ್ಪಾ ಹೀಗೆ?’ ಎಂದು ನಮ್ಮ ಪ್ರೆಸ್ಸಿಗೆ ಕಾಲೇಜಿನ ಕರಪತ್ರ ಮಾಡಿಸಲು ಬಂದ ಒಬ್ಬ ಹುಡುಗನನ್ನು ಕೇಳಿದೆ. ‘ಕನ್ನಡಕ್ಕೆ ವ್ಯೂಸ್ ಬರಲ್ಲ ಅಣ್ಣ’ ಎಂದ. ಒಳ್ಳೆಯ ಕಂಠ ಅವನದು, ಸುಳ್ಳಾಡುವ ಹುಡುಗನೂ ಅಲ್ಲ. ಅವನ ಲೆಕ್ಕ ಅವನಿಗೆ ಸರಿ ಕಾಣುತ್ತದೆ. ಆ ಲೆಕ್ಕ ತಪ್ಪು ಎಂದು ತೋರಿಸುವುದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ: ಬೇರೆಯವರ ಹಾಡು ಹಾಡಿ ಯೂಟ್ಯೂಬಿಗೆ ಹಾಕುವುದು ಅವಮಾನವಲ್ಲ. ಕೆನಡಾದ ಸ್ಟ್ರಾಟ್‌ಫರ್ಡ್ ಎಂಬ ಸಣ್ಣ ಊರಿನ ಜಸ್ಟಿನ್ ಬೀಬರ್ ಎಂಬ ಹುಡುಗನ ತಾಯಿ 2007ರಲ್ಲಿ ಮಗನ ಹಾಡುಗಳನ್ನು ಹಾಗೆಯೇ ಹಾಕಿದ್ದು. ಅವೆಲ್ಲ ಬೇರೆಯವರ ಹಾಡುಗಳೇ. 2009ರಲ್ಲಿ ಅವನ ಹೊಸ ಹಾಡು ಬಂತು, ಜಗತ್ತು ಅವನನ್ನು ಗುರುತಿಸಿದ್ದು ಅದರಿಂದ. ಹಿಂದಿನ ಎರವಲು ಹಾಡುಗಳನ್ನು ಇವತ್ತು ಯಾರು ಕೇಳುತ್ತಾರೆ? ಅಷ್ಟು ದೂರ ಯಾಕೆ, ನಮ್ಮ ಭಾವಗೀತೆಯ ಪರಂಪರೆ ಪೂರ್ತಿ ನಿಂತಿರುವುದೇ ಇನ್ನೊಬ್ಬರ ಪದ್ಯದ ಮೇಲೆ. 1978ರಲ್ಲಿ ‘ನಿತ್ಯೋತ್ಸವ’ ಕ್ಯಾಸೆಟ್ ಬಂದಾಗ ಪದ್ಯ ನಿಸಾರ್ ಅಹಮದರದು, ರಾಗ ಮೈಸೂರು ಅನಂತಸ್ವಾಮಿಯವರದು. ಪದ್ಯ ಎರವಲು, ರಾಗ ಸ್ವಂತ. ನಿಮ್ಮಲ್ಲಿ ಬಹಳ ಮಂದಿ ಪದ್ಯವನ್ನೂ ರಾಗವನ್ನೂ ವಾದ್ಯವನ್ನೂ ಕಡೆಗೆ ಮೂಲ ಗಾಯಕನ ಉಸಿರನ್ನೂ ಎರವಲು ತಂದು, ಮುಖ ಒಂದನ್ನು ಮಾತ್ರ ನಿಮ್ಮದು ಇಡುತ್ತಿದ್ದೀರಿ. ನನ್ನ ತಕರಾರು ಇಷ್ಟೇ.

ನಮ್ಮ ಬೆಂಗಳೂರಿನದೇ ಉದಾಹರಣೆ ಕೊಡುತ್ತೇನೆ. ವಾರಿಜಶ್ರೀ ವೇಣುಗೋಪಾಲ್ ಹೆಸರು ಕೇಳಿದ್ದೀರಾ? ಕೇಳಿಲ್ಲದಿದ್ದರೆ ಪತ್ರಿಕೆ ಮಡಿಸಿಟ್ಟು ಮೊದಲು ಅವರ ಹಾಡು ಕೇಳಿ ಬನ್ನಿ. ತಂದೆ ಎಚ್.ಎಸ್. ವೇಣುಗೋಪಾಲ್ ಕೊಳಲು ನುಡಿಸುವವರು, ತಾಯಿ ಟಿ.ವಿ. ರಮಾ ಹಾಡುವವರು. ಒಂದೂವರೆ ವರ್ಷದ ಮಗುವಾಗಿದ್ದಾಗಲೇ 40 ರಾಗ ಗುರುತಿಸುತ್ತಿದ್ದರು ಎಂದು ಅವರ ಪರಿಚಯದಲ್ಲಿ ಬರೆದಿರುತ್ತಾರೆ. ಕರ್ನಾಟಕ ಸಂಗೀತದಲ್ಲಿ ಬೆಳೆದ ಈ ಹುಡುಗಿ ಅಮೆರಿಕದ ಜಾನ್ ಕೋಲ್ಟ್ರೇನ್ 1960ರಲ್ಲಿ ಹೊರತಂದ ‘ಜೈಂಟ್ ಸ್ಟೆಪ್ಸ್’ ಎಂಬ ಜಾಝ್ ಕೃತಿಯನ್ನು ಎತ್ತಿಕೊಂಡರು. ಸ್ಯಾಕ್ಸಫೋನ್ ನುಡಿಸುವವರೇ ಬೆವರುವಂಥ ಕೃತಿ ಅದು, ಸ್ವರಗಳು ಅಷ್ಟು ವೇಗವಾಗಿ ನೆಲೆ ಬದಲಿಸುತ್ತವೆ. ಇವರು ಅದನ್ನು ಸರಿಗಮದಲ್ಲಿ ಹಾಡಿದರು! ಅಂತರ್ಜಾಲದಲ್ಲಿ ಅದು ಹರಿದಾಡಿತು. ಅದೂ ಎರವಲು ಕೃತಿಯೇ. ಆದರೆ ಹಾಡಿದ ಬಾಯಿ ಯಾವುದು? ಬೆಂಗಳೂರಿನಲ್ಲಿ ಸ್ವರ ಕಲಿತ ಬಾಯಿ. ಅಮೆರಿಕದವರಂತೆ ಹಾಡಲು ಹೋಗದೆ ಅಮೆರಿಕದ್ದನ್ನು ನಮ್ಮಂತೆ ಹಾಡಿದ್ದಕ್ಕೆ ಅಮೆರಿಕದವರು ತಿರುಗಿ ನೋಡಿದರು.

ಮುಂದೇನಾಯಿತು ಕೇಳಿ. 2024ರಲ್ಲಿ ಅವರ ಸ್ವಂತ ಆಲ್ಬಂ ‘ವಾರಿ’ ಬಂತು. ಅದನ್ನು ನಿರ್ಮಿಸಿದವರು ಸ್ನಾರ್ಕಿ ಪಪ್ಪಿ ತಂಡದ ಮೈಕೆಲ್ ಲೀಗ್. ಅದರಲ್ಲಿರುವ ಹಾಡುಗಳ ಹೆಸರು ನೋಡಿ: ‘ಜಾತ್ರೆ’, ‘ಹರಿವಾ ಝರಿ’. ಅದೇ ವರ್ಷ ಇಂಗ್ಲೆಂಡಿನ ಜೇಕಬ್ ಕೋಲಿಯರ್ ತನ್ನ ಹಾಡೊಂದಕ್ಕೆ ಸಿತಾರಿನ ಅನೌಷ್ಕಾ ಶಂಕರ್ ಜೊತೆ ಇವರನ್ನೂ ಸೇರಿಸಿಕೊಂಡ. ಆ ಹಾಡು 2025ರ ಗ್ರ್ಯಾಮಿ ಪ್ರಶಸ್ತಿಗೆ ನಾಮನಿರ್ದೇಶನವಾಯಿತು. ಕನ್ನಡದ ‘ಜಾತ್ರೆ’ ಜಗತ್ತಿನ ಮಾರುಕಟ್ಟೆಗೆ ಹೋಗಿದೆ, ನಮ್ಮ ಹುಡುಗ ಯಲಹಂಕದಲ್ಲಿ ಕೂತು ‘ಕನ್ನಡಕ್ಕೆ ವ್ಯೂಸ್ ಬರಲ್ಲ’ ಎನ್ನುತ್ತಿದ್ದಾನೆ!

‘ಅವರು ಸಂಗೀತದ ಮನೆಯಲ್ಲಿ ಹುಟ್ಟಿದವರು, ನಮ್ಮಂಥವರ ಕಥೆ ಏನು?’ ಎನ್ನುತ್ತೀರಿ. ನ್ಯಾಯವಾದ ಮಾತು. ಹಾಗಾದರೆ ಮೈಸೂರಿನ ರಘು ದೀಕ್ಷಿತ್ ಇದ್ದಾರೆ. ಓದಿದ್ದು ಮೈಕ್ರೋಬಯಾಲಜಿ, ಬೆಲ್ಜಿಯಂನಲ್ಲಿ ಔಷಧ ಕಂಪನಿಯ ಕೆಲಸ. ಗಿಟಾರ್ ಕಲಿತದ್ದು ಕಾಲೇಜಿನಲ್ಲಿ ಗೆಳೆಯರ ಸವಾಲಿಗೆ. ಕ್ಯಾಸೆಟ್ ಕಂಪನಿಗಳು ವರ್ಷಗಟ್ಟಲೆ ಬಾಗಿಲು ತೆರೆಯಲಿಲ್ಲ. ಕಡೆಗೆ 2008ರಲ್ಲಿ ಮುಂಬೈನ ವಿಶಾಲ್-ಶೇಖರ್ ಜೋಡಿ ಅವರ ಮೊದಲ ಆಲ್ಬಂ ಹೊರತಂದಿತು. ಅದರಲ್ಲಿ ಹಿಂದಿಯೂ ಇತ್ತು, ಇಂಗ್ಲಿಷೂ ಇತ್ತು, ಮುಚ್ಚಿಡುವುದಿಲ್ಲ. ಜೊತೆಗೆ ನಮ್ಮ ಶಿಶುನಾಳ ಶರೀಫರಿದ್ದರು, ಗಿಟಾರು ಪಿಟೀಲಿನ ಮೇಲೆ ಹೊಸ ರಾಗದಲ್ಲಿ. ಲುಂಗಿ ಗೆಜ್ಜೆ ಕಟ್ಟಿಕೊಂಡ ಈ ತಂಡ 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮಕ್ಕೆ ಹೋಯಿತು, 2011ರಲ್ಲಿ ಇಂಗ್ಲೆಂಡಿನ ಸಾಂಗ್‌ಲೈನ್ಸ್ ಪತ್ರಿಕೆಯ ಹೊಸಬರ ಪ್ರಶಸ್ತಿ ತಂದಿತು.

ಇಲ್ಲಿ ಒಂದು ಸೂಕ್ಷ್ಮವಿದೆ, ಗಮನ ಕೊಡಿ. ನಾನು ಪಿಯುಸಿ ಓದಿ ಅಪ್ಪನ ಪ್ರೆಸ್ಸಿಗೆ ಬಂದವನು, ವಕೀಲನಲ್ಲ. ಆದರೆ ಅಚ್ಚಿನ ಕಸುಬಿನವನಿಗೆ ಹಕ್ಕುಸ್ವಾಮ್ಯದ ಅ ಆ ಇ ಈ ಗೊತ್ತಿರಲೇಬೇಕು, ಇಲ್ಲದಿದ್ದರೆ ಬಾಗಿಲಿಗೆ ನೋಟಿಸು ಬರುತ್ತದೆ. ನಮ್ಮ ದೇಶದಲ್ಲಿ ಬರೆದವರು ತೀರಿಕೊಂಡ ಮೇಲೆ 60 ವರ್ಷ ಅವರ ಬರಹಕ್ಕೆ ಹಕ್ಕು ಇರುತ್ತದೆ. ಶರೀಫರು ತೀರಿಕೊಂಡದ್ದು 1889ರಲ್ಲಿ. ಅವರ ಪದ ಯಾರಪ್ಪನ ಸೊತ್ತೂ ಅಲ್ಲ, ಎಲ್ಲರದು. ದಾಸರ ಪದ, ವಚನ, ಜನಪದ ಎಲ್ಲವೂ ಹಾಗೆಯೇ. ಆದರೆ ಅದೇ ಶರೀಫರ ಪದಕ್ಕೆ ಸಿ. ಅಶ್ವತ್ಥ್ ಹಾಕಿದ ರಾಗ ಅಶ್ವತ್ಥರದು. ಅವರು ಹೋದದ್ದು 2009ರಲ್ಲಿ. ಬೇಂದ್ರೆ ಹೋದದ್ದು 1981ರಲ್ಲಿ, ಅವರ ಪದ್ಯದ ಹಕ್ಕು 2041ರ ಕೊನೆಯವರೆಗೆ. ಕುವೆಂಪು ಅವರದು 2054ರವರೆಗೆ. ಲೆಕ್ಕ ತಿಳಿಯಿತಲ್ಲ? ಪದ ಶರೀಫರದು ತೆಗೆದುಕೊಳ್ಳಿ, ರಾಗ ನೀವು ಹಾಕಿ. ಕಂಡವರ ಹಾಡಿನಿಂದ ಸ್ವಂತ ಹಾಡಿಗೆ ಹೋಗುವ ದಾರಿಯಲ್ಲಿ ಇದು ನಡುವಿನ ಮೆಟ್ಟಿಲು. ರಘು ದೀಕ್ಷಿತ್ ಹತ್ತಿದ್ದು ಇದೇ ಮೆಟ್ಟಿಲನ್ನು. ಮಾದಪ್ಪನ ಒಕ್ಕಲಿನ ‘ಸೋಜುಗಾದ ಸೂಜು ಮಲ್ಲಿಗೆ’ ಅನನ್ಯಾ ಭಟ್ ಬಾಯಲ್ಲಿ ಯೂಟ್ಯೂಬಿನಲ್ಲಿ ದೇಶ ಸುತ್ತಿತು. 2021ರಲ್ಲಿ ‘ಗರುಡ ಗಮನ ವೃಷಭ ವಾಹನ’ ಚಿತ್ರದಲ್ಲಿ ಚೈತ್ರಾ ಆಚಾರ್ ದನಿಯಲ್ಲಿ ಮತ್ತೆ ಬಂತು. ಕನ್ನಡ ಒಂದಕ್ಷರ ಬಾರದವರೂ ಅದನ್ನು ಗುನುಗಿದರು. ಹೇಳಿ, ವ್ಯೂಸ್ ಬರಲಿಲ್ಲವೇ?

ಇನ್ನು ಸಿನಿಮಾ ಹಾಡಿನ ಎರವಲು. 2012ರಲ್ಲಿ ಹಕ್ಕುಸ್ವಾಮ್ಯ ಕಾಯ್ದೆಗೆ 31ಸಿ ಎಂಬ ಕಲಂ ಸೇರಿಸಿದರು. ಹಾಡು ಮೊದಲು ಧ್ವನಿಮುದ್ರಣವಾಗಿ ಐದು ವರ್ಷ ಆಗುವವರೆಗೆ ಈ ಕಲಂ ಹಿಡಿದು ಅದರ ಕವರ್ ತರುವಂತಿಲ್ಲ. ಆಮೇಲೂ ಮುಂಚಿತವಾಗಿ ನೋಟಿಸು ಕೊಡಬೇಕು, ವರ್ಷಕ್ಕೆ ಕನಿಷ್ಠ 50,000 ಪ್ರತಿಯ ರಾಯಧನ ಕಟ್ಟಬೇಕು. ಮಹಡಿಯ ಮೇಲಿನ ಯಾವ ಹುಡುಗ ಇದನ್ನು ಮಾಡುತ್ತಾನೆ? ಯಾರೂ ಮಾಡುವುದಿಲ್ಲ. ಹಾಗಾಗಿ ನಡೆಯುವುದೇನೆಂದರೆ, ನೀವು ಹಾಡು ಹಾಕಿದ ಕೂಡಲೇ ಯೂಟ್ಯೂಬಿನ ಯಂತ್ರ ಅದನ್ನು ಗುರುತಿಸುತ್ತದೆ. ಹಾಡಿನ ಹಕ್ಕು ಇರುವ ಕಂಪನಿ ಬೇಕಾದರೆ ತಡೆಯಬಹುದು, ಬೇಕಾದರೆ ಬಿಟ್ಟು ಜಾಹೀರಾತಿನ ದುಡ್ಡನ್ನು ತಾನು ತೆಗೆದುಕೊಳ್ಳಬಹುದು. 90 ದಿನದಲ್ಲಿ ಮೂರು ಸಲ ಹಕ್ಕುಚ್ಯುತಿಯ ದೂರು ಬಿದ್ದರೆ ಚಾನೆಲ್ಲೇ ಮಾಯ. ಕಂಠ ನಿಮ್ಮದು, ಕರೆಂಟು ನಿಮ್ಮದು, ರಾತ್ರಿ ನಿದ್ದೆಗೆಟ್ಟದ್ದು ನೀವು, ದುಡ್ಡು ಕಂಪನಿಗೆ. ಕೂಲಿಯಿಲ್ಲದ ಕೂಲಿ ಇದು!

ಸ್ವಂತ ಹಾಡಿಗಾದರೆ ಅದೇ 2012ರ ತಿದ್ದುಪಡಿ ನಿಮ್ಮ ಬೆನ್ನಿಗಿದೆ. ಹಾಡು ಬರೆದವರು, ರಾಗ ಹಾಕಿದವರು ತಮ್ಮ ಹಾಡನ್ನು ಕಂಪನಿಗೆ ಕೊಟ್ಟರೂ ರಾಯಧನದ ಪಾಲನ್ನು ಬಿಟ್ಟುಕೊಡುವಂತಿಲ್ಲ; ಬರೆಸಿಕೊಂಡರೂ ಆ ಮಾತು ನಿಲ್ಲುವುದಿಲ್ಲ. ರಾಜ್ಯಸಭೆಯಲ್ಲಿ ಜಾವೇದ್ ಅಖ್ತರ್ ಇದಕ್ಕಾಗಿ ಪಟ್ಟು ಹಿಡಿದದ್ದು ನಿಮಗೆ ನೆನಪಿರಲಿಕ್ಕಿಲ್ಲ, ನೀವಾಗ ಚಿಕ್ಕವರು. ಅಪ್ಪನ ಕಾಲದಲ್ಲಿ ನಾವು ಕ್ಯಾಸೆಟ್ಟಿನ ಒಳಗಿನ ಹಾಳೆ ಅಚ್ಚು ಮಾಡುತ್ತಿದ್ದೆವು. ಒಂದು ಕಂಪನಿ, ಹೆಸರು ಬೇಡ, ಗಾಯಕನ ಫೋಟೋ ದೊಡ್ಡದು ಮಾಡಲು ಜಾಗ ಸಾಲದೆಂದು ಕವಿಯ ಹೆಸರನ್ನೇ ತೆಗೆಸಿತು. ಪ್ರೂಫಿನಲ್ಲಿ ಇದ್ದ ಹೆಸರು ಅಚ್ಚಿಗೆ ಹೋಗುವಾಗ ಇರಲಿಲ್ಲ. ಇವತ್ತು ನಿಮ್ಮ ವಿಡಿಯೋಗಳ ಕೆಳಗೆ ನೋಡುತ್ತೇನೆ: ನಟನ ಹೆಸರಿದೆ, ಮೂಲ ಗಾಯಕನ ಹೆಸರಿದೆ, ನಿಮ್ಮ ಕ್ಯಾಮೆರಾ ಹಿಡಿದ ಗೆಳೆಯನ ಹೆಸರೂ ಇದೆ. ಬರೆದ ಜಯಂತ ಕಾಯ್ಕಿಣಿಯವರ ಹೆಸರಿಲ್ಲ. 1867ರ ಕಾಯ್ದೆ ಅಚ್ಚಾದ ಪ್ರತಿ ಪುಸ್ತಕದ ಮೇಲೆ ನನ್ನಂಥ ಮುದ್ರಕನ ಹೆಸರೂ ಊರೂ ಇರಬೇಕೆಂದಿತ್ತು. ಆ ಕಾಯ್ದೆ ಈಗ ಹೋಯಿತು, 2023ರ ಹೊಸದು ಬಂತು. ಮಸಿ ಬಳಿದವನಿಗೇ ಹೆಸರು ಸಿಗುತ್ತಿದ್ದ ದೇಶದಲ್ಲಿ ಹಾಡು ಬರೆದವನಿಗೆ ಒಂದು ಸಾಲು ಸಿಗಬಾರದೇ?

ಈಗ ನಿಮಗೆ ಕೊಂಚ ಕಹಿಯಾಗುವ ಮಾತು. 2025ರ ಏಪ್ರಿಲ್ 25ರಂದು ಬೆಂಗಳೂರಿನ ಕಾಲೇಜೊಂದರ ಕಾರ್ಯಕ್ರಮದಲ್ಲಿ ‘ಕನ್ನಡ, ಕನ್ನಡ’ ಎಂದು ಕೂಗಿದ್ದಕ್ಕೆ ಸೋನು ನಿಗಮ್ ಆ ಕೂಗನ್ನು ಪಹಲ್ಗಾಮಿನ ಹತ್ಯಾಕಾಂಡಕ್ಕೆ ಜೋಡಿಸಿ ಮಾತಾಡಿದರು. ಉದ್ಧಟತನದ ಮಾತು ಅದು. ಪೊಲೀಸ್ ದೂರಾಯಿತು, ವಾಣಿಜ್ಯ ಮಂಡಳಿ ಅಸಹಕಾರ ಸಾರಿತು, ಮೇ 5ರಂದು ಅವರು ಕ್ಷಮೆ ಕೇಳಿದರು. ಕೆರಳಿದ್ದು ಸರಿಯೇ. ಆದರೆ ಕ್ಷಮೆ ಕೇಳಿಸಿಕೊಂಡ ನಾವು ಮಾರನೇ ದಿನ ಏನು ಮಾಡಿದೆವು? ಕನ್ನಡದಲ್ಲೇ ಬರೆದು ಕನ್ನಡದಲ್ಲೇ ಹಾಡುವ ನಮ್ಮ ಹುಡುಗ ಹುಡುಗಿಯರನ್ನು ಕಾಲೇಜಿನ ಉತ್ಸವಕ್ಕೆ ಕರೆದೆವೇ? ಹಾಡುಗಾರರನ್ನು ಗೊತ್ತು ಮಾಡುವ ಸಮಿತಿಯಲ್ಲಿ ಕೂತವರು ನೀವೇ ತಾನೆ? ಮುಂಬೈನವರಿಗೆ ಲಕ್ಷ ಲಕ್ಷ ಕೊಟ್ಟು ಕರೆಸಿ, ವೇದಿಕೆಯ ಕೆಳಗೆ ನಿಂತು ‘ಒಂದು ಕನ್ನಡ ಹಾಡು’ ಎಂದು ಬೇಡುವುದು ಯಾವ ಸ್ವಾಭಿಮಾನ?

ಬೆಂಗಳೂರಿನ ಕನ್ನಡ ಚಳವಳಿಯ ಮೊದಮೊದಲ ಜಗಳವೇ ಸಂಗೀತದ್ದು ಎಂಬುದು ನಿಮಗೆ ಗೊತ್ತಿರಲಿ. 1962ರಲ್ಲಿ ರಾಮೋತ್ಸವದ ಕಛೇರಿಗಳಲ್ಲಿ ಕನ್ನಡದ ಕಲಾವಿದರಿಗೆ ಜಾಗವಿಲ್ಲ ಎಂದು ಅನಕೃ ದನಿಯೆತ್ತಿದರು. ಅವರು ಕೇಳಿದ್ದು ನಮ್ಮವರಿಗೆ ವೇದಿಕೆ. ನಲವತ್ತಮೂರು ವರ್ಷದ ಮೇಲೆ, 2005ರ ಏಪ್ರಿಲಿನಲ್ಲಿ, ಅಶ್ವತ್ಥ್ ‘ಕನ್ನಡವೇ ಸತ್ಯ’ ಎಂದು ಅರಮನೆ ಮೈದಾನದಲ್ಲಿ ನಿಂತಾಗ ಜನಸಾಗರ ಸೇರಿತ್ತು. ಒಂದೇ ಒಂದು ಸಿನಿಮಾ ತಾರೆಯ ಕುಣಿತದ ಆಸೆಗೆ ಬಂದ ಜನವಲ್ಲ, ಕವಿತೆ ಕೇಳಲು ಬಂದ ಜನ.

ಹಾಡು ಬರೆಯಲು ಕೂತಾಗ ಇನ್ನೊಂದು ಕೆಲಸ ಮಾಡಿ. ಕನ್ನಡ ಹಾಡನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದನ್ನು ಬಿಡಿ. ಆ ಕರಪತ್ರದ ಹುಡುಗ ತಾನೇ ಬರೆದ ನಾಲ್ಕು ಸಾಲು ತೋರಿಸಿದ, ಎಲ್ಲ ಎಬಿಸಿಡಿಯಲ್ಲಿ. ‘ಹಳ್ಳಿ’ಯೋ ‘ಹಲ್ಲಿ’ಯೋ ಎಂದು ನನಗೆ ಗೊತ್ತಾಗಲಿಲ್ಲ, ಅವನೇ ಹಾಡಿ ತೋರಿಸಬೇಕಾಯಿತು. ಸಾಲು ಚೆನ್ನಾಗಿದ್ದವು. ಅವನೆದುರೇ ಕನ್ನಡದಲ್ಲಿ ಟೈಪ್ ಮಾಡಿ ಒಂದು ಹಾಳೆ ತೆಗೆದುಕೊಟ್ಟೆ. ತನ್ನ ಹಾಡನ್ನು ಮೊದಲ ಸಲ ಕನ್ನಡದಲ್ಲಿ ನೋಡಿದ ಅವನು ಎರಡು ಕಡೆ ಮಾತ್ರೆ ಹೆಚ್ಚಾಗಿದೆ ಎಂದು ತಾನೇ ಕಂಡುಹಿಡಿದ.

ಹಾಡಿಗೆ ಹಕ್ಕು ಬರಲು ನೋಂದಣಿ ಕಡ್ಡಾಯವಲ್ಲ, ಬರೆದ ಗಳಿಗೆಯಲ್ಲೇ ಹಕ್ಕು ನಿಮ್ಮದು. ಆದರೂ ನಾಳೆ ತಕರಾರು ಬಂದರೆ ಸಾಕ್ಷಿ ಬೇಕಾಗುತ್ತದೆ. ದೆಹಲಿಯ ಹಕ್ಕುಸ್ವಾಮ್ಯ ಕಚೇರಿಗೆ ಪದ್ಯಕ್ಕೆ ಅಥವಾ ರಾಗಕ್ಕೆ 500 ರೂಪಾಯಿ, ಧ್ವನಿಮುದ್ರಣಕ್ಕೆ 2,000 ರೂಪಾಯಿ ಶುಲ್ಕ. ಅರ್ಜಿ ಇಂಗ್ಲಿಷಿನಲ್ಲಿದೆ ಎಂದು ಹೆದರುವವರು, ಹಾಡನ್ನು ಕನ್ನಡದಲ್ಲಿ ಅಚ್ಚು ಮಾಡಿಸಬೇಕು ಎನ್ನುವವರು ಕೋಗಿಲು ಕ್ರಾಸಿನ ಹತ್ತಿರ ನಮ್ಮ ಪ್ರೆಸ್ಸಿಗೆ ಬನ್ನಿ. ಭಾನುವಾರ ಬೆಳಿಗ್ಗೆ ಮೆಷಿನ್ ನಿಂತಿರುತ್ತದೆ, ನಾನು ಇರುತ್ತೇನೆ. ನೂರು ಪ್ರತಿಯವರೆಗೆ ಕಾಗದದ ದುಡ್ಡು ಮಾತ್ರ. ಬರೆದವರ ಹೆಸರು ಮಾತ್ರ ಮರೆಯದೆ ತನ್ನಿ.