ಗೆದ್ದದ್ದು ಕಾಲೋ, ಕಂಪನಿಯ ಬೂಟೋ?



ಒಂದು ದಿನ ನಸುಕಿನ ಐದು ಗಂಟೆಗೆ ಎದ್ದು ವಿಜಯಪುರದ ಅಥಣಿ ರಸ್ತೆಗೆ ಬನ್ನಿ. ಟಿಕೋಟಾ ಕಡೆ ಮುಖ ಮಾಡಿ ಹುಡುಗರು ಓಡುತ್ತಿರುತ್ತಾರೆ. ಒಬ್ಬನಿಗೆ ಸೈನ್ಯ ಸೇರುವ ಆಸೆ, ಇನ್ನೊಬ್ಬನಿಗೆ ಪೊಲೀಸ್ ಆಗುವ ಆಸೆ. ಎರಡಕ್ಕೂ 1600 ಮೀಟರ್ ಓಟ ದಾಟಲೇಬೇಕು. ಕೆಲವರ ಕಾಲಲ್ಲಿ ಸಂತೆಯಲ್ಲಿ ಕೊಂಡ ಬೂಟು, ಕೆಲವರಿಗೆ ಅದೂ ಇಲ್ಲ. ರಾತ್ರಿಯೆಲ್ಲ ಮುದ್ರಣ ಮುಗಿಸಿ ಪ್ರೆಸ್ಸಿನ ಬಾಗಿಲು ಎಳೆಯುವಾಗ ನಾನು ಇವರನ್ನು ನೋಡುತ್ತಿರುತ್ತೇನೆ.

ಇವರಲ್ಲಿ ಒಬ್ಬ ಹುಡುಗ ನಗದು ಬಹುಮಾನದ ಒಂದು ಓಟಕ್ಕೆ ಹೋಗಿ ನಾಲ್ಕನೆಯವನಾಗಿ ಬಂದ. ಮುಂದಿದ್ದ ಮೂವರ ಕಾಲಲ್ಲೂ ಇಟ್ಟಿಗೆಯಷ್ಟು ದಪ್ಪ ಅಟ್ಟೆಯ ಬೂಟು. ಮರುದಿನ ನನ್ನ ಮುಂದೆ ನಿಂತು ಕೇಳಿದ: "ಕಾಕಾ, ಸೋತಿದ್ದು ನನ್ನ ಕಾಲೋ, ನನ್ನ ಬೂಟೋ?"

ಉತ್ತರ ಹೇಳಲಾಗಲಿಲ್ಲ. ಅದಕ್ಕೇ ಈ ಬರಹ.

ಏನಿದು ಈ ಬೂಟಿನ ಮಾಯೆ? ಹಗುರವಾದ, ಒತ್ತಿದರೆ ಕುಗ್ಗಿ ಬಿಟ್ಟರೆ ಪುಟಿಯುವ ಫೋಮಿನ ದಪ್ಪ ಅಟ್ಟೆ. ಅದರ ನಡುವೆ ಕಾರ್ಬನ್ ನಾರಿನ ಗಟ್ಟಿ ತಗಡು. ಕಾಲು ನೆಲಕ್ಕೆ ಕೊಟ್ಟ ಬಲದಲ್ಲಿ ಹೆಚ್ಚು ಪಾಲನ್ನು ಅಟ್ಟೆ ವಾಪಸ್ ಕೊಡುತ್ತದೆ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಪುರುಷರ ಮ್ಯಾರಥಾನ್‌ನ ಮೂರೂ ಪದಕ ಗೆದ್ದವರ ಕಾಲಲ್ಲಿದ್ದದ್ದು ನೈಕಿ ಕಂಪನಿಯ ಇಂಥ ಬೂಟೇ. ಆಗ ಅದು ಅಂಗಡಿಗೇ ಬಂದಿರಲಿಲ್ಲ! ಮಾರಾಟಕ್ಕೆ ಬಂದದ್ದು 2017ರಲ್ಲಿ, 'ವೇಪರ್‌ಫ್ಲೈ 4%' ಎಂಬ ಹೆಸರಿನಲ್ಲಿ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ 18 ಓಟಗಾರರನ್ನು ಓಡಿಸಿ ನೋಡಿದಾಗ ದೇಹದ ಶಕ್ತಿಯ ಖರ್ಚು ಸರಾಸರಿ ಶೇ. 4ರಷ್ಟು ಉಳಿಯಿತಂತೆ. ಆ ಸಂಶೋಧನೆಗೆ ಹಣ ಕೊಟ್ಟದ್ದು ಯಾರು? ಅದೇ ನೈಕಿ! ಲೆಕ್ಕ ಸುಳ್ಳೆಂದು ನಾನು ಹೇಳುತ್ತಿಲ್ಲ. ಬೇರೆ ಕಡೆಯ ಪರೀಕ್ಷೆಗಳಲ್ಲೂ ಲಾಭ ಕಂಡಿದೆ. ಆದರೆ ಎಲ್ಲರಿಗೂ ಒಂದೇ ಲಾಭವಿಲ್ಲ, ಶಕ್ತಿ ಶೇ. 4 ಉಳಿದರೆ ಸಮಯವೂ ಶೇ. 4 ಉಳಿಯುತ್ತದೆ ಎಂದೂ ಅಲ್ಲ. ಇದನ್ನು ಜಾಹೀರಾತು ಹೇಳುವುದಿಲ್ಲ.

ಗದ್ದಲ ಎದ್ದಮೇಲೆ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ 2020ರ ಜನವರಿ 31ರಂದು ನಿಯಮ ತಂದಿತು. ರಸ್ತೆ ಓಟದ ಬೂಟಿನ ಅಟ್ಟೆ 40 ಮಿಲಿಮೀಟರ್ ಮೀರಬಾರದು. ಒಳಗೆ ಒಂದಕ್ಕಿಂತ ಹೆಚ್ಚು ತಗಡು ಇರಬಾರದು. ಓಟಕ್ಕೆ ನಾಲ್ಕು ತಿಂಗಳು ಮೊದಲೇ ಆ ಬೂಟು ಅಂಗಡಿಯಲ್ಲಿ ಸಿಗಬೇಕು ಎಂದೂ ಆಗ ಹೇಳಿತ್ತು. ನಿಯಮ ಬರೀ ಕಾಗದದ ಮೇಲೆ ಉಳಿಯಲಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ವಿಯೆನ್ನಾ ಮ್ಯಾರಥಾನ್‌ನಲ್ಲಿ ಮೊದಲನೆಯವನಾಗಿ ಬಂದ ಇಥಿಯೋಪಿಯಾದ ದೆರಾರಾ ಹುರಿಸಾನನ್ನು ಅನರ್ಹಗೊಳಿಸಿದರು. ಅವನ ಅಟ್ಟೆ 50 ಮಿಲಿಮೀಟರ್ ಇತ್ತು. ಒಂದೇ ಒಂದು ಸೆಂಟಿಮೀಟರ್ ಹೆಚ್ಚು!

ಆದರೆ ಅಲ್ಲೂ ಹಿಂಬಾಗಿಲು ಇದೆ. ಒಲಿಂಪಿಕ್ಸ್ ಮತ್ತು ವಿಶ್ವ ಚಾಂಪಿಯನ್‌ಶಿಪ್ ಬಿಟ್ಟು ಉಳಿದ ದೊಡ್ಡ ಓಟಗಳಲ್ಲಿ, ಅನುಮತಿ ಪಡೆದರೆ, ಅಂಗಡಿಗೆ ಬಾರದ ಪ್ರಯೋಗದ ಬೂಟನ್ನೂ ಹಾಕಬಹುದು. 2023ರ ಅಕ್ಟೋಬರ್‌ನಲ್ಲಿ ಶಿಕಾಗೊದಲ್ಲಿ ಕೀನ್ಯಾದ ಕೆಲ್ವಿನ್ ಕಿಪ್ಟಮ್ 2 ಗಂಟೆ 35 ಸೆಕೆಂಡಿನ ವಿಶ್ವದಾಖಲೆ ಬರೆದದ್ದು ಅಂಥ ಬೂಟಿನಲ್ಲೇ. ಕಿಪ್ಟಮ್ ದೊಡ್ಡ ಓಟಗಾರ, ಅನುಮಾನವೇ ಇಲ್ಲ. ಆದರೆ ಪಕ್ಕದಲ್ಲಿ ಓಡಿದವನಿಗೆ ಆ ಬೂಟು ದುಡ್ಡು ಕೊಟ್ಟರೂ ಸಿಗುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ.

ಇನ್ನು ನಮ್ಮ ಲೆಕ್ಕಕ್ಕೆ ಬನ್ನಿ. ಇಂಥ ಬೂಟಿಗೆ ನಮ್ಮ ದೇಶದಲ್ಲಿ ಇಪ್ಪತ್ತು ಸಾವಿರ ರೂಪಾಯಿ ಆಸುಪಾಸು. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370 ರೂಪಾಯಿ. ಅಂದರೆ ಟಿಕೋಟಾದ ಒಬ್ಬ ತಂದೆ ಊಟ, ಔಷಧ ಎಲ್ಲ ಬಿಟ್ಟು 54 ದಿನ ಬಿಸಿಲಲ್ಲಿ ದುಡಿದರೆ ಮಗನಿಗೆ ಒಂದು ಜೊತೆ ಬೂಟು! 'ಅಂಗಡಿಯಲ್ಲಿ ಸಿಗುತ್ತದಲ್ಲ' ಎನ್ನುವವರೇ, ಅಂಗಡಿಯಲ್ಲಿ ಸಿಗುವುದೂ ನಮಗೆ ಸಿಗುವುದೂ ಒಂದೇ ಏನ್ರೀ?

ನಾನು ಹೊಸ ಬೂಟಿನ ವಿರೋಧಿಯಲ್ಲ. ಈ ರಸ್ತೆ ಹೋಗಿ ಮುಟ್ಟುವ ಅಥಣಿ ತೊಗಲಿನ ಚಪ್ಪಲಿಯ ಊರು. ಒಳ್ಳೆಯ ಪಾದರಕ್ಷೆ ಕಾಲಿಗೆ ಏನು ಮಾಡುತ್ತದೆಂದು ನಮ್ಮವರಿಗೆ ಯಾರೂ ಕಲಿಸಬೇಕಿಲ್ಲ. 1978ರಲ್ಲಿ ಜಲಂಧರ್‌ನಲ್ಲಿ 2 ಗಂಟೆ 12 ನಿಮಿಷಕ್ಕೆ ಮ್ಯಾರಥಾನ್ ಮುಗಿಸಿದ ಶಿವನಾಥ ಸಿಂಗ್ ಬರಿಗಾಲ ಓಟಕ್ಕೇ ಹೆಸರಾದವರು. ಅವರ ರಾಷ್ಟ್ರೀಯ ದಾಖಲೆಯನ್ನು ನಾಲ್ಕು ದಶಕಕ್ಕೂ ಹೆಚ್ಚು ಕಾಲ ಯಾರೂ ಮುರಿಯಲಿಲ್ಲ. ಹಾಗೆಂದು ನಮ್ಮ ಹುಡುಗರು ಬರಿಗಾಲಲ್ಲೇ ಇರಲಿ ಎನ್ನುವುದು ಮೋಸ. ಬೂಟು ಬೇಕು. ಆದರೆ ಸಮನಾಗಿ ಬೇಕು.

ಸಮ ಮಾಡಬೇಕಾದವರು ಯಾರು? ಓಟ ನಡೆಸುವವರು. ಅವರ ಕೈ ಹಿಡಿದಿರುವವರು ಯಾರು? ಪ್ರಾಯೋಜಕರು. ಬೆಂಗಳೂರಿನ 10 ಕಿಲೋಮೀಟರ್ ಓಟ 2008ರಲ್ಲಿ ಶುರುವಾದಾಗ ಹೆಸರಿನ ಮುಂದೆ ಸನ್‌ಫೀಸ್ಟ್ ಬಿಸ್ಕೀಟು ಕೂತಿತ್ತು. ಆಮೇಲೆ ಟಿಸಿಎಸ್ ಬಂತು. ತಪ್ಪೇನಿಲ್ಲ, ದುಡ್ಡಿಲ್ಲದೆ ನೀರು, ಆಂಬುಲೆನ್ಸ್, ಬಹುಮಾನ ಯಾವುದೂ ಇಲ್ಲ. ನಮ್ಮ ವಿಜಯಪುರದಲ್ಲೂ 2023, 2024ರ ಡಿಸೆಂಬರ್‌ನಲ್ಲಿ ವೃಕ್ಷಥಾನ್ ಹೆರಿಟೇಜ್ ರನ್ ನಡೆದು, ಗಿಡಮರದ ಹೆಸರಿನಲ್ಲಿ ಊರೇ ಓಡಿತು. ಒಳ್ಳೆಯದೇ. ದುಡ್ಡು ಬರಲಿ. ಆದರೆ ದುಡ್ಡು ಎಲ್ಲಿ ನಿಲ್ಲಬೇಕು?

ಪ್ರೆಸ್ಸಿನವನಾಗಿ ಒಂದು ಮಾತು ಹೇಳುತ್ತೇನೆ. ಬೇರೊಂದು ಜಿಲ್ಲೆಯ ಓಟದ ಭಿತ್ತಿಪತ್ರ ನನ್ನ ಮೇಜಿಗೆ ಬಂದಿತ್ತು. ಊರಿನ ಹೆಸರು ಬೇಡ. ಮೊದಲ ಕರಡಿನಲ್ಲಿ ಕೆಳಗೆ ಆರು ಸಾಲು ಕನ್ನಡದಲ್ಲಿ ನಿಯಮಗಳಿದ್ದವು. ಎರಡನೇ ಕರಡಿಗೆ ಹೊಸ ಪ್ರಾಯೋಜಕರ ಚಿಹ್ನೆ ಬಂತು, ನಿಯಮ ಎರಡು ಸಾಲಾಯಿತು. ಮೂರನೆಯದಕ್ಕೆ ಇನ್ನೊಂದು ಚಿಹ್ನೆ ಬಂತು, ನಿಯಮವೇ ಹೋಯಿತು! "ಅವನ್ನೆಲ್ಲಾ ಇಂಗ್ಲಿಷ್ ಫಾರ್ಮಿನಲ್ಲಿ ಹಾಕಿದ್ದೇವೆ" ಎಂದರು. ಓಡುವವನು ಓದಲಾರದ ನಿಯಮ ಯಾರಿಗಾಗಿ? ದುಡ್ಡೇ ದೊಡ್ಡಪ್ಪ ಎಂಬ ಗಾದೆ ಅಂದು ಅಚ್ಚಿನ ಮನೆಯಲ್ಲೇ ಕಣ್ಣಿಗೆ ಬಿತ್ತು. ಅಚ್ಚು ಹಾಕಿದ ಪಾಪದಲ್ಲಿ ನನಗೂ ಪಾಲಿದೆ.

ಆದ್ದರಿಂದ ಈ ಭಾಗದಲ್ಲಿ ಓಟ ನಡೆಸುವ ಎಲ್ಲರಿಗೂ ನಮ್ಮ ನೇರ ಒತ್ತಾಯ ಇಷ್ಟು:

ಒಂದು, 18ರ ಒಳಗಿನ ಮಕ್ಕಳ ಓಟದಲ್ಲಿ ತಗಡಿನ ಬೂಟು ಬೇಡವೇ ಬೇಡ.

ಎರಡು, ನಗದು ಬಹುಮಾನದ ಓಟದಲ್ಲಿ ಸಾದಾ ಬೂಟಿನವರಿಗೂ ಬರಿಗಾಲಿನವರಿಗೂ ಬೇರೆ ವಿಭಾಗ ಇರಲಿ. ಬಹುಮಾನದ ಮೊತ್ತ ಎರಡಕ್ಕೂ ಒಂದೇ ಇರಲಿ. ಗೆದ್ದವರ ಬೂಟು ಪರೀಕ್ಷಿಸಿಯೇ ಬಹುಮಾನ ಕೊಡಿ. ಒಂದು ಅಳತೆಪಟ್ಟಿಗೆ ಎಷ್ಟು ಖರ್ಚು?

ಮೂರು, ಪ್ರಾಯೋಜಕರ ಹಣದಲ್ಲಿ ಒಂದು ಪಾಲು ಹಾಸ್ಟೆಲ್ ಮಕ್ಕಳಿಗೆ, ಹಳ್ಳಿ ಹುಡುಗರಿಗೆ ಒಳ್ಳೆಯ ಸಾದಾ ಬೂಟು ಕೊಡಿಸಲು ಹೋಗಲಿ.

ನಾಲ್ಕು, ನಿಯಮ, ಅರ್ಜಿ, ದಾರಿಯ ಫಲಕ ಕನ್ನಡದಲ್ಲಿರಲಿ. ಕಂಪನಿಯ ಚಿಹ್ನೆ ಅದರ ಕೆಳಗೆ ಬರಲಿ.

ಗೆಳೆಯರೇ, ನೀವೂ ಸುಮ್ಮನಿರಬೇಡಿ. ಮುಂದಿನ ಓಟಕ್ಕೆ ಹೆಸರು ಬರೆಸುವಾಗ ಕೇಳಿ: ಬೂಟಿನ ನಿಯಮ ಏನು? ಅದು ಕನ್ನಡದಲ್ಲಿ ಎಲ್ಲಿದೆ? ಒಬ್ಬ ಕೇಳಿದರೆ ನಗುತ್ತಾರೆ, ನೂರು ಜನ ಕೇಳಿದರೆ ಅಚ್ಚು ಹಾಕಿಸುತ್ತಾರೆ. ಅಂಥ ಓಟದ ನಿಯಮದ ಹಾಳೆಯನ್ನು ನಮ್ಮ ಪ್ರೆಸ್ಸಿನಲ್ಲಿ ಒಂದು ಪೈಸೆ ಪಡೆಯದೆ ಮುದ್ರಿಸಿ ಕೊಡುತ್ತೇನೆ. ಇದು ಮಾತಲ್ಲ, ಕರಾರು.

ನಾಳೆ ನಸುಕಿನಲ್ಲಿ ಅದೇ ಹುಡುಗ ಮತ್ತೆ ಈ ರಸ್ತೆಯಲ್ಲಿ ಓಡುತ್ತಾನೆ. ಮುಂದಿನ ಸಲ ಅವನು ಸೋತರೂ ಸೋಲಲಿ. ಆದರೆ ಸೋತಿದ್ದು ತನ್ನ ಕಾಲು ಎಂಬುದಾದರೂ ಅವನಿಗೆ ಖಾತ್ರಿ ಇರಲಿ!