ಸೈನಿಕನ ನೆನಪಿನಲ್ಲಿ ಹಾಲು ಹಾಕುವವಳ ಹೆಸರೂ ಇರಲಿ



ಜನವರಿ 15 ಸೇನಾ ದಿನ. 1949ರ ಆ ದಿನ ಕೊಡಗಿನ ಕೆ.ಎಂ. ಕಾರ್ಯಪ್ಪ ಬ್ರಿಟಿಷರಿಂದ ಸೇನೆಯ ಮಹಾದಂಡನಾಯಕ ಹುದ್ದೆ ವಹಿಸಿಕೊಂಡರು. ಅವರು ನಿವೃತ್ತರಾದ ಮೇಲೆ, 1965ರ ಯುದ್ಧದಲ್ಲಿ ವಾಯುಪಡೆಯಲ್ಲಿದ್ದ ಮಗ ಪಾಕಿಸ್ತಾನದ ಸೆರೆಯಾದರು. ಮಗನೊಬ್ಬನಿಗೆ ವಿಶೇಷ ಉಪಚಾರ ಬೇಡ, ಸೆರೆಯಲ್ಲಿರುವ ಸೈನಿಕರೆಲ್ಲ ನನ್ನ ಮಕ್ಕಳೇ ಎಂದರು ತಂದೆ.

ದಾವಣಗೆರೆ, ಹರಿಹರದ ಹಳ್ಳಿಗಳಲ್ಲೂ ಮಾಜಿ ಸೈನಿಕರ ಮನೆಗಳಿವೆ. ಅವರು ಗಡಿಯಲ್ಲಿದ್ದಾಗ ಹಸು ಕರೆದು, ಡೇರಿಗೆ ಹಾಲು ಹಾಕಿ, ಮಕ್ಕಳನ್ನು ಓದಿಸಿದವರು ಹೆಂಗಸರು. ಫೋಟೋಗೆ ಹಾರ ಹಾಕಿದರಷ್ಟೇ ಸಾಲದು. ಹಾಲು ಹಾಕುವವಳ ಹೆಸರಿನಲ್ಲೇ ಸಂಘದ ಸದಸ್ಯತ್ವ, ಬ್ಯಾಂಕ್ ಖಾತೆ, ರಾಸಿನ ವಿಮೆ ಇರಲಿ. ಯಜಮಾನರು ಮಾಜಿ ಸೈನಿಕರಾದರೆ, ಪಿಂಚಣಿ ಕಾಗದದಲ್ಲಿ ನಿಮ್ಮ ಹೆಸರು, ಹುಟ್ಟಿದ ತಾರೀಖು ಸರಿಯಿದೆಯೇ ಎಂದು ಇಬ್ಬರೂ ಕೂತು ಈ ವಾರವೇ ನೋಡಿ.